ಮೂಳೆ ಕೂಡಿದ ಮೇಲೂ ಉಳಿಯುವ ಕೆಲಸ: ಮೋಟೋಕ್ರಾಸ್ ಸವಾರರ ಭುಜ ಮತ್ತೆ ಬೈಕ್‌ಗೆ ಸಿದ್ಧವಾಗುವ ಬಗೆ

ಮಣ್ಣಿನ ಏರಿಳಿತದ ಟ್ರ್ಯಾಕ್‌ನಲ್ಲಿ ನಡೆಯುವ ಬೈಕ್ ರೇಸ್ ಮೋಟೋಕ್ರಾಸ್. ಅದರಲ್ಲಿ ಕಾಲರ್ ಬೋನ್, ಅಂದರೆ ಕತ್ತಿನ ಬುಡದಿಂದ ಭುಜದವರೆಗಿನ ಮೂಳೆ, ಮುರಿಯುವುದು ಹೊಸ ಸುದ್ದಿಯೇನಲ್ಲ. ಮುಂದಿನ ಚಕ್ರ ಜಾರಿದಾಗ, ಜಂಪ್‌ನಲ್ಲಿ ಅಳತೆ ತಪ್ಪಿ ಹ್ಯಾಂಡಲ್‌ಬಾರ್ ಮೇಲಿಂದ ಹಾರಿಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಹೆಚ್ಚಾಗಿ ಭುಜ. ಆ ಪೆಟ್ಟಷ್ಟೂ ಕಾಲರ್ ಬೋನ್ ಮೂಲಕವೇ ಎದೆಗೂಡಿಗೆ ಹಾಯಬೇಕು. ಮೂಳೆಯ ಎರಡು ಬಾಗುಗಳು ಸೇರುವ ನಡುಭಾಗ ತೆಳ್ಳಗಿರುತ್ತದೆ, ತುದಿಗಳಲ್ಲಿ ಇರುವಂಥ ಲಿಗಮೆಂಟ್‌ಗಳ, ಅಂದರೆ ಮೂಳೆಗಳನ್ನು ಬಿಗಿದಿಡುವ ಎಳೆಗಳ, ಆಸರೆಯೂ ಅಲ್ಲಿಲ್ಲ. ಅದಕ್ಕೇ ಕಾಲರ್ ಬೋನ್ ಮುರಿತಗಳಲ್ಲಿ ಬಹುಪಾಲು ಆ ನಡುಭಾಗದಲ್ಲೇ ಆಗುತ್ತವೆ. ತುಂಡುಗಳು ಪೂರ್ತಿ ಸರಿದಿದ್ದರೆ, ಮೂಳೆ ಸುಮಾರು 2 ಸೆಂ.ಮೀ.ನಷ್ಟು ಗಿಡ್ಡವಾಗಿದ್ದರೆ, ಅಥವಾ ಮುರಿದ ತುದಿ ಚರ್ಮವನ್ನು ಒಳಗಿನಿಂದ ಒತ್ತುತ್ತಿದ್ದರೆ ಸರ್ಜನ್‌ಗಳು ಮೂಳೆಗೆ ಸ್ಕ್ರೂಗಳಿಂದ ಲೋಹದ ಪ್ಲೇಟ್ ಹಾಕುವ ಕಡೆ ಒಲಿಯುತ್ತಾರೆ. ಇಲ್ಲದಿದ್ದರೆ ತೋಳನ್ನು ಕತ್ತಿನಿಂದ ಜೋಲಿಯಂತೆ ತೂಗುಹಾಕುವ ಸ್ಲಿಂಗ್ ಸಾಕಾಗುತ್ತದೆ.

ಆಸ್ಪತ್ರೆಯಿಂದ ಹೊರಬರುವಾಗ ಪ್ರತಿ ಸವಾರರ ಬಾಯಲ್ಲೂ ಒಂದೇ ಪ್ರಶ್ನೆ: "ಎಷ್ಟು ವಾರ?" ದೊಡ್ಡವರ ಕಾಲರ್ ಬೋನ್ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ಆದರೆ ಅದು ಮೂಳೆಯ ಲೆಕ್ಕ ಮಾತ್ರ. ತಿರುವಿಗೆ ಮೊದಲು ಎಲ್ಲರೂ ಬ್ರೇಕ್ ಹಾಕಿ ಹಾಕಿ ಏಳುವ ಉಬ್ಬುಗಳ, ಅಂದರೆ ಬ್ರೇಕಿಂಗ್ ಬಂಪ್‌ಗಳ, ಮೇಲೆ 100 ಕಿಲೋ ದಾಟಿದ ಬೈಕನ್ನು ಹಿಡಿದು ನಿಲ್ಲಿಸುವುದು ಬರೀ ಮೂಳೆಯಲ್ಲ. ಭುಜದ ಹಿಂಭಾಗ, ಬೆನ್ನು, ಮುಂಗೈ, ಎಲ್ಲಕ್ಕಿಂತ ಹೆಚ್ಚಾಗಿ ಕಾಲು. ಕ್ಯಾಲೆಂಡರ್ ನೋಡಿ ಬೈಕ್ ಹತ್ತಿದವರು ಅದೇ ಭುಜ ಹಿಡಿದುಕೊಂಡು ಮತ್ತೆ ಆಸ್ಪತ್ರೆಗೆ ಹೋಗುವುದು ಈ ಆಟದಲ್ಲಿ ಪದೇ ಪದೇ ನಡೆಯುತ್ತದೆ. ಹಾಗಾಗಿ ಗಾಯಗೊಂಡ ಸವಾರರಿಗೆ ಅಭ್ಯಾಸ ಮಾಡಿಸುವ ನಾವು ವಾರಗಳನ್ನು ಕನಿಷ್ಠ ಮಿತಿ ಎಂದಷ್ಟೇ ಇಟ್ಟುಕೊಂಡು, ಮುಂದಿನ ಹೆಜ್ಜೆಯನ್ನು ಪರೀಕ್ಷೆಗಳಿಂದ ನಿರ್ಧರಿಸುತ್ತೇವೆ. ಪ್ಲೇಟ್ ಹಾಕಿಸಿಕೊಂಡ ಭುಜವೊಂದು ಟ್ರ್ಯಾಕ್‌ಗೆ ಮರಳುವ ದಾರಿ ಮೊದಲಿನಿಂದ ಕೊನೆಯವರೆಗೆ ಹೇಗಿರುತ್ತದೆ ಎಂಬುದು ಇಲ್ಲಿದೆ. ಸ್ಲಿಂಗ್‌ನಲ್ಲೇ ಗುಣವಾಗುವವರಿಗೂ ಕ್ರಮ ಇದೇ, ಮೊದಲ ಹಂತಗಳು ಎರಡು ಮೂರು ವಾರ ನಿಧಾನ ಅಷ್ಟೇ. ನಿಮ್ಮ ಸರ್ಜನ್ ಇದಕ್ಕಿಂತ ಬಿಗಿಯಾದ ಮಿತಿ ಹಾಕಿದ್ದರೆ ಅವರ ಮಾತೇ ಮೇಲು. ಒಳಗೆ ಸ್ಕ್ರೂ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಕಣ್ಣಾರೆ ಕಂಡವರು ಅವರೇ.

ಸ್ಲಿಂಗ್‌ನ ದಿನಗಳು

ಮೊದಲ ಎರಡು ವಾರ ಭುಜಕ್ಕೆ ವಿಶ್ರಾಂತಿ, ಉಳಿದ ಮೈಗೆ ಅಲ್ಲ. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಸ್ಲಿಂಗ್ ಸಡಿಲಿಸಿ ಬೆರಳು, ಮಣಿಕಟ್ಟು, ಮೊಣಕೈ ಪೂರ್ತಿ ಆಡಿಸಬೇಕು, ಪ್ರತಿಯೊಂದೂ 10 ಸಲ. ಇದನ್ನು ಕಡೆಗಣಿಸಿದವರ ಮೊಣಕೈ ಮೂರನೇ ವಾರದ ಹೊತ್ತಿಗೆ ನೇರವಾಗಲು ಒಲ್ಲೆ ಎನ್ನುತ್ತದೆ, ಆಮೇಲೆ ಭುಜದ ಕೆಲಸ ಬಿಟ್ಟು ಮೊಣಕೈ ಬಿಡಿಸುತ್ತ ಕೂರಬೇಕಾಗುತ್ತದೆ. ಸರ್ಜನ್ ಒಪ್ಪಿದ ಮೇಲೆ, ಸಾಮಾನ್ಯವಾಗಿ ಮೊದಲ ವಾರದ ಕೊನೆಗೆ, ಸೊಂಟ ಬಾಗಿಸಿ ಒಳ್ಳೆಯ ಕೈಯನ್ನು ಮೇಜಿಗೆ ಊರಿ, ನೊಂದ ಕೈಯನ್ನು ಇಳಿಬಿಟ್ಟು ಸಣ್ಣ ಸುತ್ತು ತಿರುಗಿಸಬಹುದು. ಇಲ್ಲಿ ಕೈ ಅಲುಗಬೇಕಾದದ್ದು ದೇಹದ ತೂಗಾಟದಿಂದ. ಭುಜದ ಸ್ನಾಯು ಎಳೆಯಬಾರದು.

ರಾತ್ರಿ ಚಪ್ಪಟೆಯಾಗಿ ಮಲಗಿದರೆ ತೋಳಿನ ಭಾರ ಹಿಂದಕ್ಕೆ ಜಗ್ಗುತ್ತದೆ. ಬೆನ್ನಿಗೆ ದಿಂಬು ಒರಗಿಸಿ ಅರ್ಧ ಕೂತಂತೆ ಮಲಗಿ, ಮೊಣಕೈ ಕೆಳಗೆ ಇನ್ನೊಂದು ದಿಂಬು ಇಟ್ಟರೆ ನಿದ್ದೆ ಬರುತ್ತದೆ. ಹೊಲಿಗೆಯ ಕೆಳಗೆ ಎದೆಯ ಚರ್ಮ ಮರಗಟ್ಟಿದಂತಿರುವುದಕ್ಕೆ ಗಾಬರಿ ಬೇಡ. ಆ ಜಾಗದ ಚರ್ಮದ ನರಗಳು ಪ್ಲೇಟ್ ಹಾಕುವಾಗಲೇ ಎಳೆದಾಡಲ್ಪಡುತ್ತವೆ. ಆದರೆ ಗಾಯದಿಂದ ಕೀವು, ಜ್ವರ, ಕೈ ತಣ್ಣಗಾಗುವುದು ಅಥವಾ ಬಣ್ಣ ಬದಲಾಗುವುದು, ಬೆರಳುಗಳಲ್ಲಿ ಹೊಸದಾಗಿ ಜುಮ್ಮೆನ್ನುವುದು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಾಲಿನ ಕೆಲಸ ಇದೇ ಹೊತ್ತಿನಲ್ಲಿ ಶುರು. ಬಲವಾದ ನೋವಿನ ಮಾತ್ರೆಗಳು ನಿಂತು ತಲೆ ತಿರುಗುವುದು ಹೋದ ಮೇಲೆ, ವ್ಯಾಯಾಮದ ಸೈಕಲ್ ಮೇಲೆ ನೆಟ್ಟಗೆ ಕೂತು, ಹ್ಯಾಂಡಲ್ ಮುಟ್ಟದೆ 20 ನಿಮಿಷ ಹಗುರವಾಗಿ ತುಳಿಯಬಹುದು. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಗಾಯಕ್ಕೆ ಬೆವರು ಇಳಿಯುವಷ್ಟು ಜೋರು ಬೇಡ. ಗೋಡೆಗೆ ಒರಗಿ ಕೂರುವ ಭಂಗಿ 4 ಸಲ 30 ಸೆಕೆಂಡ್, 20 ಸೆಂ.ಮೀ. ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ನಿಧಾನವಾಗಿ ಇಳಿಯುವುದು ಪ್ರತಿ ಕಾಲಿಗೆ 3 ಸೆಟ್ 10 (ಅಂದರೆ 10 ಸಲದಂತೆ ಮೂರು ಸರದಿ), ಮಂಡಿಗಳ ನಡುವೆ ಚೆಂಡು ಇಟ್ಟು ಒತ್ತುವುದು 6 ಸಲ 10 ಸೆಕೆಂಡ್. ಈ ಕೊನೆಯದನ್ನು ಯಾರೂ ಬಿಡಬಾರದು. ತೊಡೆಯ ಒಳಭಾಗ ಮೋಟೋಕ್ರಾಸ್‌ನಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ಮುಂದೆ ಬರುತ್ತೇವೆ.

ಒಳ್ಳೆಯ ಕೈಗೂ ವ್ಯಾಯಾಮ ಮಾಡಿಸಬೇಕು. ಒಂದು ಕಡೆಯ ಕೈಗೆ ಭಾರದ ಅಭ್ಯಾಸ ಕೊಟ್ಟರೆ, ಕಟ್ಟಿಟ್ಟ ಇನ್ನೊಂದು ಕೈ ಕಳೆದುಕೊಳ್ಳುವ ಶಕ್ತಿಯೂ ಸ್ವಲ್ಪ ಕಡಿಮೆಯಾಗುತ್ತದೆ. ಇದು ಸ್ನಾಯುವಿನ ಕೆಲಸಕ್ಕಿಂತ ನರಮಂಡಲದ ಕೆಲಸ. ಬೆಂಚಿಗೆ ಎದೆ ಆನಿಸಿ ಒಂದೇ ಕೈಯ ರೋ, ಅಂದರೆ ಭಾರವನ್ನು ಪಕ್ಕೆಯ ಕಡೆ ಎಳೆಯುವುದು, 3 ಸೆಟ್ 8, ಸೆಟ್‌ನ ಕೊನೆಯ ಎರಡು ಸಲ (ರೆಪ್) ಕಷ್ಟವಾಗುವಷ್ಟು ಭಾರದಲ್ಲಿ. ಊಟದಲ್ಲಿ ಪ್ರೋಟೀನ್ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.6ರಿಂದ 2 ಗ್ರಾಂ, ಅಂದರೆ 70 ಕಿಲೋ ಸವಾರರಿಗೆ 112ರಿಂದ 140 ಗ್ರಾಂ. ಬೈಕ್ ಓಡಿಸುತ್ತಿಲ್ಲವಲ್ಲ, ದಪ್ಪವಾಗುತ್ತೇನೆ ಎಂದು ಊಟ ಕಡಿಮೆ ಮಾಡುವವರೇ ಹೆಚ್ಚು. ಮೂಳೆ ಕೂಡುವ ಹೊತ್ತಿನಲ್ಲಿ ಅದು ಕೆಟ್ಟ ಉಳಿತಾಯ. ಸಿಗರೇಟ್ ಸೇದುವವರ ಮೂಳೆ ತಡವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ.

ನೋವು ಹೋದ ಮೇಲಿನ ಅಪಾಯ

ಪ್ಲೇಟ್ ಹಾಕಿದ ಭುಜದ ನೋವು ಮೂರು ನಾಲ್ಕು ವಾರದಲ್ಲಿ ಬಹುತೇಕ ಮಾಯವಾಗುತ್ತದೆ. ಇಡೀ ದಾರಿಯಲ್ಲಿ ನಮಗೆ ಅತಿ ಹೆಚ್ಚು ಆತಂಕ ತರುವ ಘಟ್ಟ ಇದೇ. ನೋವಿಲ್ಲದಿರುವುದು ಮೂಳೆ ಕೂಡಿದ್ದರಿಂದಲ್ಲ, ಲೋಹ ತುಂಡುಗಳನ್ನು ಅಲುಗದಂತೆ ಹಿಡಿದಿರುವುದರಿಂದ. ಆ ಲೋಹಕ್ಕೆ ಆಯುಷ್ಯದ ಮಿತಿ ಇದೆ. ಮೂಳೆ ಭಾರ ಹಂಚಿಕೊಳ್ಳುವ ಮೊದಲೇ ಸಾವಿರಾರು ಸಣ್ಣ ಕುಲುಕಾಟ ಕೊಟ್ಟರೆ ಪ್ಲೇಟ್ ದಣಿದು ಬಾಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಮೋಟೋಕ್ರಾಸ್ ಟ್ರ್ಯಾಕ್ ಕೊಡುವುದು ಅಂಥ ಕುಲುಕಾಟವನ್ನೇ.

2ರಿಂದ 6 ವಾರಗಳ ನಡುವೆ ಕೈಯನ್ನು ಭುಜದ ಮಟ್ಟಕ್ಕಿಂತ, ಅಂದರೆ 90 ಡಿಗ್ರಿಗಿಂತ, ಮೇಲೆತ್ತಿಸುವುದಿಲ್ಲ. ಕೈ ಮೇಲೇರಿದಂತೆ ಕಾಲರ್ ಬೋನ್ ತನ್ನ ಉದ್ದಕ್ಕೆ ಹಿಂದಕ್ಕೆ ಹೊರಳುತ್ತದೆ, ಭುಜದ ಮಟ್ಟ ದಾಟಿದ ಮೇಲೆ ಆ ಹೊರಳು ಹೆಚ್ಚು. ಮುರಿದ ಜಾಗಕ್ಕೆ ತಿರುಚುವ ಬಲ ಬೀಳುವುದು ಆಗಲೇ. ಮೇಜಿನ ಮುಂದೆ ಕೂತು, ಅಂಗೈ ಕೆಳಗೆ ಟವೆಲ್ ಇಟ್ಟು, ಎದೆಯನ್ನು ಬಾಗಿಸುತ್ತ ಕೈ ಮುಂದಕ್ಕೆ ಜಾರಿಸುವುದು ಈ ಹಂತದ ಮುಖ್ಯ ಚಲನೆ. ಸರಿಯಾಗಿ ಮಾಡುವವರ ಹೆಗಲು ಕಿವಿಯಿಂದ ದೂರವೇ ಇರುತ್ತದೆ, ಕತ್ತಿನ ಸ್ನಾಯು ಮೆತ್ತಗಿರುತ್ತದೆ. ಕುತ್ತಿಗೆಯ ಬದಿಯಲ್ಲಿ ಹಗ್ಗದಂತೆ ಗೆರೆ ಎದ್ದರೆ ಭುಜದ ಬದಲು ಕತ್ತು ಕೆಲಸ ಮಾಡುತ್ತಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ಜಾರಿಸುವ ದೂರ ಅರ್ಧಕ್ಕೆ ಇಳಿಸುತ್ತೇವೆ. ಜೊತೆಗೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಗೋಡೆಗೆ ಹೊರಕ್ಕೆ, ಒಳಕ್ಕೆ, ಹಿಂದಕ್ಕೆ ಒತ್ತುವುದು, ಪೂರ್ಣ ಬಲದ ಕಾಲುಭಾಗದಷ್ಟು ಮಾತ್ರ, 5 ಸಲ 10 ಸೆಕೆಂಡ್. ನೀರಿನ ಲೋಟಕ್ಕಿಂತ ಭಾರವಾದದ್ದನ್ನು ಆ ಕೈಯಲ್ಲಿ ಎತ್ತುವಂತಿಲ್ಲ. ಬೈಕ್ ಸ್ಟ್ಯಾಂಡ್‌ಗೆ ಏರಿಸುವುದು, ವ್ಯಾನ್‌ಗೆ ತಳ್ಳುವುದು, ಕಿಕ್ ಹೊಡೆಯುವುದು ಇವೂ ಇಲ್ಲ.

ನೋವಿನ ಲೆಕ್ಕ ಎಲ್ಲ ಹಂತಕ್ಕೂ ಒಂದೇ: 10ಕ್ಕೆ 3ರವರೆಗಿನ ನೋವು ವ್ಯಾಯಾಮದ ಹೊತ್ತಿಗೆ ಸರಿ, ಮರುದಿನ ಬೆಳಿಗ್ಗೆಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರವನ್ನಲ್ಲ, ಮೊದಲು ಸೆಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತೇವೆ. ಮುರಿದ ಜಾಗದ ಮೇಲೇ ಬೆರಳಿಟ್ಟು ತೋರಿಸಬಹುದಾದ ಚುಚ್ಚು ನೋವು ಮಾತ್ರ ಈ ಲೆಕ್ಕಕ್ಕೆ ಸೇರದು. ಅದಕ್ಕೆ ಎಕ್ಸ್-ರೇಯೇ ಉತ್ತರ.

ಆರನೇ ವಾರದ ಎಕ್ಸ್-ರೇ ನೋಡಿ ಅನೇಕರು ಕಂಗಾಲಾಗುತ್ತಾರೆ, ಹೊಸ ಮೂಳೆಯ ಗಂಟು ಕಾಣುತ್ತಿಲ್ಲ ಎಂದು. ಬಿಗಿಯಾಗಿ ಒತ್ತಿ ಕೂರಿಸಿದ ಪ್ಲೇಟ್ ಇದ್ದಾಗ ಮೂಳೆ ಗಂಟು ಕಟ್ಟದೆ ನೇರವಾಗಿಯೇ ಕೂಡುತ್ತದೆ. ನೋಡಬೇಕಾದದ್ದು ಮುರಿತದ ಗೆರೆ ಮಸುಕಾಗುತ್ತಿದೆಯೇ, ಸ್ಕ್ರೂಗಳ ಸುತ್ತ ಕಪ್ಪು ಅಂಚು ಇಲ್ಲವೇ, ಪ್ಲೇಟ್ ಬಾಗಿಲ್ಲವೇ ಎಂದು. ಸ್ಲಿಂಗ್‌ನಲ್ಲೇ ಗುಣವಾಗುವ ಮೂಳೆಯಲ್ಲಾದರೆ ಗಂಟು ಕಾಣಲೇಬೇಕು, ಮುಟ್ಟಿದರೆ ಕೈಗೂ ಸಿಗುತ್ತದೆ.

ಸರ್ಜನ್ ಹಸಿರು ನಿಶಾನೆ ಕೊಟ್ಟ ಮೇಲೆ, ಆರನೇ ವಾರದಿಂದ, ಭಾರ ಬರುತ್ತದೆ. ಮೊದಲು ಹಿಂಭಾಗ: ರಬ್ಬರ್ ಬ್ಯಾಂಡ್‌ನಿಂದ ರೋ 3 ಸೆಟ್ 15, ಬದಿಗೆ ಮಲಗಿ 1 ಕಿಲೋ ಡಂಬೆಲ್‌ನಿಂದ ಭುಜ ಹೊರತಿರುಗಿಸುವುದು 3 ಸೆಟ್ 15, ಮುಖದ ಕಡೆ ಬ್ಯಾಂಡ್ ಎಳೆಯುವ ಫೇಸ್ ಪುಲ್ 3 ಸೆಟ್ 12. ಪುಶ್-ಅಪ್ ಗೋಡೆಯ ಮೇಲೆ ಶುರು, 20 ಸರಾಗವಾದರೆ ಎದೆಮಟ್ಟದ ಬಾರ್‌ಗೆ, ಆಮೇಲೆ ಸೊಂಟದ ಮಟ್ಟಕ್ಕೆ, ಆಮೇಲೆ ನೆಲಕ್ಕೆ. ಒಂದೊಂದು ಮಟ್ಟದಲ್ಲೂ ಕನಿಷ್ಠ ಒಂದು ವಾರ. ಸಾಮಾನ್ಯವಾಗಿ ನೆಲ ತಲುಪುವಾಗ 10ನೇ ವಾರ ದಾಟಿರುತ್ತದೆ. ಮೇಲೆ ತಳ್ಳುವ ವ್ಯಾಯಾಮಗಳಲ್ಲಿ ಬಾರ್‌ನ ಒಂದು ತುದಿ ನೆಲಕ್ಕೆ ಸಿಕ್ಕಿಸಿ ಓರೆಯಾಗಿ ತಳ್ಳುವ ಲ್ಯಾಂಡ್‌ಮೈನ್ ಪ್ರೆಸ್ ಮೊದಲು. ತಲೆಯ ಮೇಲಕ್ಕೆ ನೇರ ತಳ್ಳುವ ಓವರ್‌ಹೆಡ್ ಪ್ರೆಸ್ 12ನೇ ವಾರದ ಮೇಲೆ. ಬೆಂಚ್ ಮೇಲೆ ಮಲಗಿ ಭಾರ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಗೆ ತಾಗುವ ಕೊನೆಯ ಕೆಲವು ಸೆಂ.ಮೀ. ಭುಜದ ಮುಂಭಾಗವನ್ನು ಹಿಗ್ಗಿಸುತ್ತದೆ, ಹಾಗಾಗಿ ನೆಲದ ಮೇಲೆ ಮಲಗಿ ಮಾಡುವ ಪ್ರೆಸ್ ಸಾಕು. ಎರಡು ಸರಳುಗಳ ನಡುವೆ ಕೈ ಊರಿ ಮೈ ಇಳಿಸಿ ಏಳುವ ಡಿಪ್ಸ್ ಬೇಡವೇ ಬೇಡ. ಅದರಿಂದ ಸವಾರರಿಗೆ ಸಿಗುವ ಲಾಭ ಅಪಾಯದ ಮುಂದೆ ತೀರಾ ಸಣ್ಣದು.

ಜಿಮ್‌ನಲ್ಲಿ ಸುಲಭವಾಗಿ ತಪ್ಪು ಮಾಡುವ ಒಂದು ವಿಷಯ, ಬಾರನ್ನು ಭುಜಗಳ ಮುಂದೆ ಹೊತ್ತು ಕೂತೇಳುವ ಫ್ರಂಟ್ ಸ್ಕ್ವಾಟ್. ಬಾರ್ ಕೂರುವುದು ನೇರವಾಗಿ ಕಾಲರ್ ಬೋನ್ ಮೇಲೆ, ಪ್ಲೇಟ್‌ನ ಅಂಚಿಗೆ. ಡಂಬೆಲ್ ಎದೆಗೆ ಹಿಡಿಯುವ ಗಾಬ್ಲೆಟ್ ಸ್ಕ್ವಾಟ್ ಆಗಲಿ, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಕೂತೇಳುವ ಸ್ಪ್ಲಿಟ್ ಸ್ಕ್ವಾಟ್ ಆಗಲಿ ಅದರ ಜಾಗ ತುಂಬುತ್ತದೆ. ಇದೇ ಕಾರಣಕ್ಕೆ ಬಾಡಿ ಪ್ರೊಟೆಕ್ಟರ್‌ನ ಪಟ್ಟಿ, ನೆಕ್ ಬ್ರೇಸ್‌ನ ಮುಂದಿನ ಕಾಲು, ನೀರಿನ ಚೀಲದ ಪಟ್ಟಿ ಎಲ್ಲಿ ಕೂರುತ್ತವೆ ಎಂದು ಮನೆಯಲ್ಲೇ ಎಲ್ಲ ಗೇರ್ ಹಾಕಿ, ಬಾಗಿ, ಕೈ ಮುಂದೆ ಚಾಚಿ ನೋಡಬೇಕು. ಪ್ಲೇಟ್ ಮೇಲೆ ಚರ್ಮ ತೆಳ್ಳಗಿರುತ್ತದೆ; ಅರ್ಧ ಗಂಟೆಯ ಉಜ್ಜಾಟಕ್ಕೆ ಅಲ್ಲಿ ಹುಣ್ಣಾಗುತ್ತದೆ.

ಬೈಕ್ ಹಿಡಿಯುವುದು ಕಾಲಿನಿಂದ

ಭುಜ ಎಷ್ಟೇ ಗಟ್ಟಿಯಾದರೂ ಕಾಲು ಸೋತರೆ ಅದಕ್ಕೆ ಉಳಿಗಾಲವಿಲ್ಲ. ನಿಂತು ಓಡಿಸುವಾಗ ಸವಾರರ ತೂಕ ಪಾದ ಊರುವ ಫುಟ್‌ಪೆಗ್ ಮೇಲಿರುತ್ತದೆ, ಸೊಂಟ ಹಿಂದಕ್ಕೆ ಮಡಚಿ ಎದೆ ಮುಂದೆ ಬಾಗಿರುತ್ತದೆ, ಮಂಡಿ ಮತ್ತು ಬೂಟಿನ ಒಳಭಾಗ ಬೈಕನ್ನು ಅಮುಕಿರುತ್ತವೆ. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ನುಗ್ಗದಂತೆ ತಡೆಯುವುದು ಆ ಅಮುಕು. ತೊಡೆ ದಣಿದಾಗ ಏನಾಗುತ್ತದೆ ನೋಡಿ: ಮಂಡಿಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ, ಸವಾರರು ಸೀಟಿಗೆ ಕುಸಿಯುತ್ತಾರೆ, ಮೊಣಕೈ ಇಳಿಯುತ್ತದೆ, ಪ್ರತಿ ಬಂಪ್‌ನ ಪೆಟ್ಟು ಹ್ಯಾಂಡಲ್‌ಬಾರ್‌ನಿಂದ ನೇರ ಭುಜಕ್ಕೆ ಬರುತ್ತದೆ. ಹಾಗಾಗಿ ನಮ್ಮ ಮಟ್ಟಿಗೆ ಭುಜದ ಪುನಶ್ಚೇತನದ ಅರ್ಧ ತೊಡೆಯಲ್ಲಿದೆ.

8ನೇ ವಾರದಿಂದ ಸುಮಾರು 16ನೇ ವಾರದವರೆಗೆ ವಾರಕ್ಕೆ ಮೂರು ದಿನ ಭಾರದ ಅಭ್ಯಾಸ, ನಡುವೆ ಒಂದೊಂದು ದಿನ ಬಿಡುವು. ಎಲ್ಲದರ ಬುಡ ಸೊಂಟದಿಂದ ಬಾಗುವ ಹಿಂಜ್ ಚಲನೆ. ಚೌಕಟ್ಟಿನಂಥ ಬಾರ್‌ನ ನಡುವೆ ನಿಂತು ನೆಲದಿಂದ ಭಾರ ಎತ್ತುವ ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ 4 ಸೆಟ್ 5, ಪ್ರತಿ ಸೆಟ್‌ನಲ್ಲೂ ಇನ್ನೆರಡು ರೆಪ್ ಮಾಡಬಹುದಿತ್ತು ಎನ್ನುವಷ್ಟು ಬಾಕಿ ಇಟ್ಟು. ಆರಂಭದ ಭಾರ ಗಾಯಕ್ಕೆ ಮೊದಲು ಎತ್ತುತ್ತಿದ್ದುದರ ಅರ್ಧಕ್ಕಿಂತ ಕಡಿಮೆ ಇರಲಿ, ಏಕೆಂದರೆ ಕೈಯಲ್ಲಿ ಜೋತ ಭಾರ ಕಾಲರ್ ಬೋನನ್ನು ಕೆಳಕ್ಕೆ ಎಳೆಯುತ್ತದೆ. ಮರುದಿನ ಬೆಳಗಿನ ಲೆಕ್ಕ ಸರಿಯಿದ್ದರೆ ವಾರಕ್ಕೆ 5ರಿಂದ 10 ಪ್ರತಿಶತ ಏರಿಸಬಹುದು. ಹಿಂದಿನ ಕಾಲು ಬೆಂಚ್ ಮೇಲಿಟ್ಟ ಸ್ಪ್ಲಿಟ್ ಸ್ಕ್ವಾಟ್ ಪ್ರತಿ ಕಾಲಿಗೆ 3 ಸೆಟ್ 8. ಎದೆಗೆ ಆಸರೆ ಕೊಟ್ಟ ರೋ 4 ಸೆಟ್ 8. ನಡುವಿಗೆ, ಬದಿಯಿಂದ ಎಳೆಯುವ ಬ್ಯಾಂಡನ್ನು ಎದೆಯ ಮುಂದೆ ನೇರ ಚಾಚಿ ತಿರುಗದೆ ನಿಲ್ಲುವ ಪ್ಯಾಲೋಫ್ ಪ್ರೆಸ್ 3 ಸೆಟ್ 10, ಒಂದೇ ಕೈಯಲ್ಲಿ ಭಾರ ಹಿಡಿದು ನೆಟ್ಟಗೆ 30 ಮೀಟರ್ ನಡೆಯುವುದು 4 ಸಲ. ಹೊಟ್ಟೆ ಮಡಚುವ ಕ್ರಂಚ್‌ಗಳಿಗಿಂತ ಇವು ಸವಾರರಿಗೆ ಬೇಕು. ಚಕ್ರಗಳು ಕೊರೆದ ಆಳದ ಗೆರೆಯೊಳಗೆ (ರಟ್) ಬೈಕ್ ಒದೆದಾಗ ನಡು ಮಾಡಬೇಕಾದ ಕೆಲಸ ತಿರುಗದೆ ಉಳಿಯುವುದೇ.

ತೊಡೆಯ ಒಳಭಾಗಕ್ಕೆ ಕೋಪನ್‌ಹೇಗನ್ ಪ್ಲ್ಯಾಂಕ್‌ಗಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ. ಬದಿಗೆ ಮಲಗಿ, ಕೆಳಗಿನ ಮುಂಗೈ ಊರಿ, ಮೇಲಿನ ಕಾಲಿನ ಮಂಡಿಯ ಒಳಭಾಗ ಬೆಂಚ್ ಮೇಲಿಟ್ಟು ಸೊಂಟ ಎತ್ತುವುದು. 15 ಸೆಕೆಂಡ್‌ನ 3 ಸಲದಿಂದ 30 ಸೆಕೆಂಡ್‌ನ 3 ಸಲಕ್ಕೆ ಏರಿದ ಮೇಲೆ ಬೆಂಚ್ ಮೇಲಿನ ಆಸರೆಯನ್ನು ಮಂಡಿಯಿಂದ ಪಾದದ ಕಡೆ ಸರಿಸಿದರೆ ಭಾರ ಹೆಚ್ಚುತ್ತದೆ. ಇದರಲ್ಲೊಂದು ತೊಡಕಿದೆ. ಎಡ ಭುಜ ಮುರಿದವರು ಎಡ ಮುಂಗೈ ಮೇಲೆ ಒರಗಲಾಗದೆ ಬಲಗಡೆಗಷ್ಟೇ ಮಾಡುತ್ತ ಹೋದರೆ ಒಂದೇ ತೊಡೆ ಬೆಳೆಯುತ್ತದೆ. ನೊಂದ ಭುಜ ಮುಂಗೈ ಊರುವ ಭಾರ ತಡೆಯುವವರೆಗೆ, ಬಹುತೇಕ 10ನೇ ವಾರದವರೆಗೆ, ಎರಡೂ ಬದಿಗೆ ಚೆಂಡು ಒತ್ತುವುದೇ ಮೇಲು.

ಕುತ್ತಿಗೆಯನ್ನು ಎಲ್ಲರೂ ಮರೆಯುತ್ತಾರೆ. ಅಂಗೈಯನ್ನು ಹಣೆಗೆ, ಹಿಂದಲೆಗೆ, ಎರಡು ಬದಿಗೆ ಇಟ್ಟು ತಲೆ ಅಲುಗದಂತೆ ಒತ್ತುವುದು, ದಿಕ್ಕಿಗೆ 3 ಸಲ 10 ಸೆಕೆಂಡ್, ವಾರಕ್ಕೆ ಮೂರು ದಿನ. ಹೆಲ್ಮೆಟ್‌ನ ತೂಕವನ್ನು ಅರ್ಧ ಗಂಟೆ ಹೊತ್ತು ನಿಲ್ಲಬೇಕಾದ ಕುತ್ತಿಗೆ ಅದು.

ಉಸಿರಿನ ವಿಷಯ. ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಮೋಟೋ, ಅಂದರೆ ಒಂದು ಓಟ, 30 ನಿಮಿಷ ಮತ್ತೆ 2 ಲ್ಯಾಪ್, ದಿನಕ್ಕೆ ಅಂಥವು ಎರಡು. ಅಷ್ಟು ಹೊತ್ತೂ ಹೃದಯ ಬಡಿತ ಗರಿಷ್ಠದ ಶೇ. 90ರ ಆಸುಪಾಸಿನಲ್ಲೇ ಓಡುತ್ತದೆ. ಇದಕ್ಕೆ ತಳಹದಿ, ಮಾತಾಡುತ್ತ ತುಳಿಯಬಹುದಾದ ವೇಗದಲ್ಲಿ 45ರಿಂದ 60 ನಿಮಿಷ ಸೈಕಲ್, ವಾರಕ್ಕೆ ಎರಡು ಮೂರು ಸಲ. ಅದು ಗಟ್ಟಿಯಾದ ಮೇಲೆ 4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ 4 ಸುತ್ತು, ವಾರಕ್ಕೊಮ್ಮೆ. ರೋಯಿಂಗ್ ಮೆಷಿನ್ ಒಳ್ಳೆಯದೇ, ಆದರೆ ಭುಜ ಎಳೆತ ತಡೆಯುವವರೆಗೆ ಕಾಯಬೇಕು.

ಆರ್ಮ್ ಪಂಪ್, ಮರಳಿದ ಮೇಲೆ ಇನ್ನೂ ಜೋರು

ಗಾಯದಿಂದ ಮರಳಿದವರ ಮೊದಲ ದೂರು ಭುಜದ್ದಲ್ಲ, ಮುಂಗೈ ಕಟ್ಟಿಕೊಳ್ಳುವುದು. ಇದನ್ನೇ ಆರ್ಮ್ ಪಂಪ್ ಎನ್ನುತ್ತಾರೆ. ಮುಂಗೈ ಸ್ನಾಯುಗಳು ಹಿಗ್ಗದ ಪೊರೆಯೊಳಗೆ ಕೂತಿವೆ. ಬಿಡದೆ ಬಿಗಿ ಹಿಡಿದಾಗ ಸ್ನಾಯು ಉಬ್ಬುತ್ತದೆ, ಪೊರೆಯೊಳಗೆ ಒತ್ತಡ ಏರುತ್ತದೆ, ರಕ್ತದ ಓಡಾಟ ಕಟ್ಟುತ್ತದೆ. ಮುಂಗೈ ಕಲ್ಲಾಗುತ್ತದೆ, ಬೆರಳು ಬಿಚ್ಚಲಾಗದು, ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಸ್ಪರ್ಶವೇ ತಪ್ಪುತ್ತದೆ. ಬಿದ್ದ ನೆನಪಿರುವ ಕೈ ತಾನಾಗಿಯೇ ಹೆಚ್ಚು ಬಿಗಿಯುತ್ತದೆ, ಅದಕ್ಕೇ ಮರಳಿದವರಲ್ಲಿ ಇದು ಜೋರು.

ಹೆಚ್ಚಿನವರು ಹುಡುಕುವ ಮದ್ದು ಗ್ರಿಪ್ ವ್ಯಾಯಾಮ. ಬೈಕ್ ಓಡಿಸುವ ವಾರದಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಮೊದಲೇ ದಣಿದ ಮುಂಗೈಗೆ ಇನ್ನಷ್ಟು ದಣಿವು ಸೇರುತ್ತದೆ. ನಾವು ರೈಡಿಂಗ್‌ಗೆ 48 ಗಂಟೆ ಮೊದಲು ಭಾರದ ಗ್ರಿಪ್ ಕೆಲಸ ನಿಲ್ಲಿಸುತ್ತೇವೆ, ಆ ವಾರದ ಡೆಡ್‌ಲಿಫ್ಟ್‌ಗೆ ಮಣಿಕಟ್ಟಿನ ಪಟ್ಟಿ ಕಟ್ಟಿಸುತ್ತೇವೆ. ಬದಲಿಗೆ ಬೆರಳು ಬಿಚ್ಚುವ ಕಡೆಯ ಸ್ನಾಯುಗಳಿಗೆ ಕೆಲಸ: ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವುದು 2 ಸೆಟ್ 30, ಅಂಗೈ ಕೆಳಮುಖವಾಗಿ 2 ಕಿಲೋ ಡಂಬೆಲ್ ಹಿಡಿದು ಮಣಿಕಟ್ಟನ್ನು 4 ಸೆಕೆಂಡ್‌ನಲ್ಲಿ ನಿಧಾನವಾಗಿ ಇಳಿಸುವುದು 3 ಸೆಟ್ 12.

ಬೈಕನ್ನೂ ನೋಡಬೇಕು. ಲಿವರ್‌ಗಳು ತೀರಾ ಮೇಲಿದ್ದರೆ ನಿಂತಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ನಿಂತು, ಮೊಣಕೈ ಎತ್ತಿ, ಬೆರಳು ಚಾಚಿದಾಗ ಮುಂಗೈ ಮತ್ತು ಲಿವರ್ ಒಂದೇ ಗೆರೆಯಲ್ಲಿ ಬರುವಂತೆ ಕ್ಲ್ಯಾಂಪ್ ತಿರುಗಿಸಿ. ದೊಡ್ಡ ಬೈಕ್‌ಗಳಲ್ಲಿ ಸವಾರರು ಗೇರ್ ಸಮೇತ ಕೂತಾಗ ಹಿಂದಿನ ಸಸ್ಪೆನ್ಷನ್ ಇಳಿಯುವ ಸ್ಯಾಗ್ ಸಾಮಾನ್ಯವಾಗಿ 100ರಿಂದ 105 ಮಿ.ಮೀ. ಇರಬೇಕು. ತಿಂಗಳುಗಟ್ಟಲೆ ಕೂತು ತೂಕ ಬದಲಾಗಿರುತ್ತದೆ, ಅದನ್ನು ಮತ್ತೆ ಅಳೆಯದೆ ಹೊರಟರೆ ಬೈಕ್ ಬೇರೆಯದೇ ರೀತಿ ಓಡುತ್ತದೆ. ಮುಂದಿನ ಫೋರ್ಕ್ ಪೆಟ್ಟಿಗೆ ಒತ್ತಿಕೊಳ್ಳುವ ಬಿಗಿಯನ್ನು (ಕಂಪ್ರೆಷನ್) ಎರಡು ಕ್ಲಿಕ್ ಮೆತ್ತಗೆ ಮಾಡಿ ಮೊದಲ ವಾರಗಳನ್ನು ಕಳೆಯುವುದು ಭುಜಕ್ಕೂ ಮುಂಗೈಗೂ ಒಳ್ಳೆಯದು. ಇಷ್ಟೆಲ್ಲ ಆಗಿಯೂ ತಿಂಗಳುಗಳ ಕಾಲ ಹತ್ತೇ ನಿಮಿಷಕ್ಕೆ ಕೈ ಕಟ್ಟುತ್ತಿದ್ದರೆ ಪೊರೆಯೊಳಗಿನ ಒತ್ತಡ ಅಳೆಸುವ ಪರೀಕ್ಷೆ ಇದೆ, ಪೊರೆ ಬಿಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದು ಕೊನೆಯ ದಾರಿ.

ಯಾವಾಗ ಹತ್ತಬೇಕು

ಎಕ್ಸ್-ರೇಯಲ್ಲಿ ಮೂಳೆ ಕೂಡಿದೆ ಎಂದು ಸರ್ಜನ್ ಹೇಳುವುದು ಮೊದಲ ಬಾಗಿಲು. ಅದರಾಚೆಗೆ ನಾವು ನೋಡುವುದು ಇಷ್ಟು. ಎರಡೂ ಭುಜ ಒಂದೇ ಎತ್ತರಕ್ಕೆ ನೋವಿಲ್ಲದೆ ಏಳಬೇಕು. ಮುಷ್ಟಿಬಲ ಅಳೆಯುವ ಸಾಧನದಲ್ಲಿ ನೊಂದ ಕೈ ಇನ್ನೊಂದರ ಶೇ. 90 ಮುಟ್ಟಬೇಕು, ಬಲಗೈ ಬಳಸುವವರ ಬಲಗೈ ಸಹಜವಾಗಿಯೇ ಶೇ. 10ರಷ್ಟು ಗಟ್ಟಿ ಇರಬಹುದು ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನೆಲದ ಮೇಲೆ 20 ಪುಶ್-ಅಪ್, ಬಾರ್‌ಗೆ 60 ಸೆಕೆಂಡ್ ಜೋತು ನಿಲ್ಲುವುದು. ಆಮೇಲೆ, ನೆಲದ ಮೇಲೆ 91 ಸೆಂ.ಮೀ. ದೂರದಲ್ಲಿ ಎರಡು ಟೇಪ್ ಅಂಟಿಸಿ, ಪುಶ್-ಅಪ್ ಭಂಗಿಯಲ್ಲಿ ಒಂದೊಂದು ಟೇಪ್ ಮೇಲೆ ಒಂದೊಂದು ಕೈ ಇಟ್ಟು, ಒಂದು ಕೈಯಿಂದ ಇನ್ನೊಂದನ್ನು ಸರದಿಯಂತೆ ಮುಟ್ಟುವುದು. 15 ಸೆಕೆಂಡ್‌ನಲ್ಲಿ 21 ಸಲ ದಾಟಬೇಕು. ಈ ಕೊನೆಯದರಲ್ಲಿ ಎಣಿಕೆಗಿಂತ ಹೆಚ್ಚಾಗಿ ನಾವು ಕಣ್ಣಿಡುವುದು ಊರಿದ ಕೈಯ ಮೇಲೆ. ನೊಂದ ಕೈ ಮೇಲೆ ಭಾರ ಬಂದ ಕ್ಷಣ ಸೊಂಟ ಬದಿಗೆ ಓಡಿದರೆ, ಮೈ ಆ ಭುಜವನ್ನು ಇನ್ನೂ ನಂಬಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡುತ್ತೇವೆ.

ಬೈಕ್ ಮೊದಲು ಸ್ಟ್ಯಾಂಡ್ ಮೇಲೆ. ಗೇರ್ ಹಾಕಿ, ನಿಂತ ಭಂಗಿಯಲ್ಲಿ, ಮಂಡಿ ಅಮುಕಿ, 5 ನಿಮಿಷ ಕ್ಲಚ್ ಎಳೆಯುತ್ತ ಬಿಡುತ್ತ ಕಳೆಯಬೇಕು. ಆಗ ಬೆವರು ಬಂದರೆ ಆಶ್ಚರ್ಯವಿಲ್ಲ. ಮುಂದಿನ ಹೆಜ್ಜೆ ಸಪಾಟು ನೆಲದಲ್ಲಿ 10 ನಿಮಿಷದ 3 ಓಟ, ನಡುವೆ 10 ನಿಮಿಷ ಬಿಡುವು, ಜಂಪ್ ಇಲ್ಲ. ಪ್ರತಿ ಹೆಜ್ಜೆಯ ನಡುವೆ 48 ಗಂಟೆ. ನಂತರ ತಿರುವುಗಳು, ರೋಲರ್ ಎನ್ನುವ ಸಣ್ಣ ದುಂಡು ದಿಬ್ಬಗಳು, ಆಮೇಲೆ ಮೇಲ್ಭಾಗ ಸಪಾಟಾಗಿರುವ ಟೇಬಲ್‌ಟಾಪ್ ಜಂಪ್. ಅಲ್ಲಿ ಅಳತೆ ತಪ್ಪಿದರೂ ಕೆಳಗೆ ನೆಲವಿರುತ್ತದೆ. ಅದಾದ ಮೇಲೆ ಎರಡು ದಿಬ್ಬಗಳ ನಡುವೆ ಖಾಲಿ ಜಾಗವಿದ್ದು ಎದುರು ಬದಿಯ ಅಂಚಿಗೆ ಬಡಿಯಬಹುದಾದ ಡಬಲ್‌ಗಳು, ಸಾಲಾಗಿ ಬರುವ ದಿಬ್ಬಗಳಾದ ವೂಪ್ಸ್, ಕೊನೆಗೆ ಗೇಟ್‌ನಿಂದ ಗುಂಪಿನ ಸ್ಟಾರ್ಟ್. ಸ್ಟಾರ್ಟ್ ಕೊನೆಗೆ ಇರುವುದಕ್ಕೆ ಕಾರಣ ಬಲವಲ್ಲ. ಮೊದಲ ತಿರುವಿನಲ್ಲಿ ಬೇರೆಯವರು ಮೈಮೇಲೆ ಬೀಳುವುದನ್ನು ನಿಮ್ಮ ಕೌಶಲ ತಡೆಯದು.

ಇದೇ ಕ್ರಮ ಬೇರೆ ಗಾಯಗಳಿಗೂ ಹೊಂದುತ್ತದೆ, ಮೂರು ಎಚ್ಚರಿಕೆಗಳೊಂದಿಗೆ. ಅಂಗೈ ಊರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದೆಯೇ? ಅದನ್ನು ಉಳುಕು ಎಂದು ಬಿಡಬೇಡಿ. ಮಣಿಕಟ್ಟಿನ ಸಣ್ಣ ಮೂಳೆಯಾದ ಸ್ಕೇಫಾಯ್ಡ್‌ನ ಮುರಿತ ಮೊದಲ ಎಕ್ಸ್-ರೇಯಲ್ಲಿ ಕಾಣದೆ ಇರಬಹುದು; 10ರಿಂದ 14 ದಿನಕ್ಕೆ ಮತ್ತೊಂದು, ಇಲ್ಲವೇ ಎಂಆರ್‌ಐ ಬೇಕು. ಆ ಮೂಳೆಗೆ ರಕ್ತ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುವುದರಿಂದ, ಕಡೆಗಣಿಸಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು.

ಕಾಲು ಊರಿದಾಗ ಬೈಕ್ ತಿರುಗಿ ಮಂಡಿಯೊಳಗಿನ ಲಿಗಮೆಂಟ್ ಆದ ಎಸಿಎಲ್ ಹರಿದರೆ, ಹೊಸ ಲಿಗಮೆಂಟ್ ಹಾಕಿಸಿಕೊಂಡ ಮೇಲೆ 9 ತಿಂಗಳಿಗಿಂತ ಮೊದಲು ಮರಳಬಾರದು. ಮೊದಲ ಮೂರು ತಿಂಗಳಲ್ಲಿ ಆ ಎಳೆ ಹಾಕಿದ ದಿನಕ್ಕಿಂತಲೂ ದುರ್ಬಲವಾಗುವ ಹಂತವೊಂದಿದೆ, ನಡಿಗೆ ಚೆನ್ನಾಗಿ ಆಗುವುದೂ ಆಗಲೇ. ಇಲ್ಲಿ ನೋವಿಗಿಂತ ಊತವನ್ನು ನಂಬಿ. ವ್ಯಾಯಾಮದ ಮರುದಿನ ಮಂಡಿ ಊದಿದ್ದರೆ ಭಾರ ಹೆಚ್ಚಾಗಿದೆ. ತೊಡೆಯ ಬಲ, ಒಂಟಿ ಕಾಲಿನ ನೆಗೆತ ಎರಡೂ ಇನ್ನೊಂದು ಕಾಲಿನ ಶೇ. 90 ಮುಟ್ಟಬೇಕು.

ತಲೆಗೆ ಪೆಟ್ಟಾಗಿದ್ದರೆ ಮೇಲಿನ ಯಾವ ವೇಳಾಪಟ್ಟಿಯೂ ನಡೆಯದು. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಗುರ ನಡಿಗೆ, ಸೈಕಲ್, ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ. ತಲೆನೋವು, ಮಂಕು ಮರಳಿ ಜೋರಾದರೆ ಹಿಂದಿನ ಹಂತಕ್ಕೆ. ಬೈಕ್ ಹತ್ತುವುದು ವೈದ್ಯರು ನೋಡಿ ಒಪ್ಪಿದ ಮೇಲೆ ಮಾತ್ರ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಒಮ್ಮೆ ಅಮುಕಿದ್ದು ಮತ್ತೆ ಅರಳದು, ಹಾಗಾಗಿ ಅದನ್ನು ಬದಲಿಸಲೇಬೇಕು.

ರೇಸ್‌ಗಳು ಶುರುವಾದ ಮೇಲೆ ಭಾರದ ಅಭ್ಯಾಸ ವಾರಕ್ಕೆ ಎರಡಕ್ಕೆ ಇಳಿಯುತ್ತದೆ, ಸೆಟ್‌ಗಳು ಅರ್ಧ, ಭಾರ ಅಷ್ಟೇ. ರೇಸ್ ಭಾನುವಾರವಿದ್ದರೆ ಕಾಲಿನ ಭಾರದ ದಿನ ಬುಧವಾರದೊಳಗೆ ಮುಗಿಯಬೇಕು. ಭುಜದ ಹಿಂಭಾಗದ ಬ್ಯಾಂಡ್ ಕೆಲಸವನ್ನು ಮಾತ್ರ ಬಿಡಿಸುವುದಿಲ್ಲ, ಅಭ್ಯಾಸಕ್ಕೆ ಮೊದಲು 2 ಸೆಟ್ 15.

ಪ್ಲೇಟ್ ತೆಗೆಸಬೇಕೇ ಎಂಬ ಪ್ರಶ್ನೆ ವರ್ಷದ ಹೊತ್ತಿಗೆ ಬರುತ್ತದೆ. ಪಟ್ಟಿ ಉಜ್ಜಿ ತೊಂದರೆ ಕೊಡದಿದ್ದರೆ ಒಳಗೇ ಬಿಡುವವರೇ ಹೆಚ್ಚು. ಪ್ಲೇಟ್ ಉಳಿದರೆ ಅದರದೇ ಅಪಾಯವಿದೆ: ಮತ್ತೆ ಬಿದ್ದಾಗ ಮೂಳೆ ಪ್ಲೇಟ್‌ನ ತುದಿಯಲ್ಲಿ ಮುರಿಯಬಹುದು. ತೆಗೆಸಿದರೆ ಸ್ಕ್ರೂ ಇದ್ದ ತೂತುಗಳು ತುಂಬುವವರೆಗೆ ಮೂಳೆ ದುರ್ಬಲ, ಹಾಗಾಗಿ ಎರಡು ಮೂರು ತಿಂಗಳು ಟ್ರ್ಯಾಕ್‌ನಿಂದ ದೂರ ಉಳಿಯಬೇಕಾಗುತ್ತದೆ. ತೆಗೆಸುವುದಾದರೆ ಸೀಸನ್‌ನ ಕೊನೆಯ ರೇಸ್ ಮುಗಿದ ವಾರದಲ್ಲೇ ತೆಗೆಸಿ, ಆ ತಿಂಗಳುಗಳನ್ನು ಡೆಡ್‌ಲಿಫ್ಟ್‌ಗೂ ಸೈಕಲ್‌ಗೂ ಕೊಡುವುದು ನಮಗೆ ಸರಿ ಕಂಡಿದೆ.